ಸೇತುವೆಗೆ ಯಾಕೆ ಮಾಡು?

ಅಮ್ಮ ತೀರ್ಥಹಳ್ಳಿಯಿಂದ ಅಮೆರಿಕಕ್ಕೆ ಬಂದು ಮೂರು ವಾರ ಆಗಿತ್ತು. ಮಾಲ್, ಮ್ಯೂಸಿಯಂ ಯಾವುದೂ ಅವಳಿಗೆ ಅಷ್ಟಾಗಿ ಹಿಡಿಸಲಿಲ್ಲ. ಹೋದ ಶನಿವಾರ ವರ್ಮಾಂಟ್‌ನ ವಿಂಡ್ಸರ್ ಅನ್ನೋ ಸಣ್ಣ ಊರಿಗೆ ಕರೆದುಕೊಂಡು ಹೋದೆ. ಅಲ್ಲಿ ಕನೆಕ್ಟಿಕಟ್ ಹೊಳೆ, ಹೊಳೆಯ ಮೇಲೆ ಉದ್ದಕ್ಕೂ ಹಲಗೆ ಗೋಡೆ, ಅದಕ್ಕೊಂದು ಮಾಡು, ಅಂದರೆ ಚಾವಣಿ. ದೂರದಿಂದಲೇ ನೋಡಿ ಅಮ್ಮ, "ನೀರಿನ ಮೇಲೆ ಯಾರಾದ್ರೂ ಕೊಟ್ಟಿಗೆ ಕಟ್ತಾರೇನೇ?" ಅಂದಳು.

ಅದು ಸೇತುವೆ. ಆಚೆ ದಡದಲ್ಲಿ ನ್ಯೂ ಹ್ಯಾಂಪ್‌ಷೈರ್‌ನ ಕಾರ್ನಿಶ್. ಸುಮಾರು 450 ಅಡಿ ಉದ್ದ, ನಡುವೆ ಒಂದೇ ಒಂದು ಕಂಬ. 1796, 1824, 1849ರಲ್ಲಿ ಕಟ್ಟಿದ ಮೂರು ಸೇತುವೆಗಳನ್ನೂ ನೆರೆ ಹೊತ್ತುಕೊಂಡು ಹೋದ ಮೇಲೆ, 1866ರಲ್ಲಿ ಜೇಮ್ಸ್ ಟಾಸ್ಕರ್ ಮತ್ತು ಬೇಲಾ ಫ್ಲೆಚರ್ ಇದನ್ನು 9,000 ಡಾಲರ್‌ಗೆ ಕಟ್ಟಿದರು. 1943ರ ತನಕ ದಾಟೋಕೆ ಸುಂಕ ಕೊಡಬೇಕಿತ್ತು. ಈಗಲೂ ಇದರ ಮೇಲೆ ಕಾರು ಓಡಾಡುತ್ತವೆ.

ಆಚೆ ಕಾರು ನಿಲ್ಲಿಸಿ ಸೇತುವೆಯ ಬಾಯಿಯ ಹತ್ತಿರ ನಿಂತೆವು. ಒಳಗೆ ತಂಪು, ಅರೆಗತ್ತಲು. ಎರಡೂ ಬದಿಗೆ ದಪ್ಪ ತೊಲೆಗಳು ಓರೆಯಾಗಿ ಒಂದಕ್ಕೊಂದು ಅಡ್ಡ ಹಾಯ್ದು ಜಾಲರಿಯ ಹಾಗೆ ನಿಂತಿವೆ. ಅವು ಸೇರುವ ಜಾಗದಲ್ಲಿ ಕಚ್ಚು ತೆಗೆದು ಒಂದರೊಳಗೊಂದು ಕೂರಿಸಿದ್ದಾರೆ. ಅಮ್ಮ ಆ ಕಚ್ಚಿನ ಮೇಲೆ ಬೆರಳಾಡಿಸಿದಳು.

"ಮಾಡು ಯಾಕೆ? ಹೋಗೋರು ನೆನೀಬಾರದು ಅಂತಲಾ?"

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಮಾಡು ಇರೋದು ಜನಕ್ಕಲ್ಲ, ಈ ತೊಲೆಗಳಿಗೆ. ಮಳೆ, ಹಿಮ ಬಿದ್ದು ಬಿದ್ದು ಸಂದುಗಳಲ್ಲಿ ನೀರು ನಿಂತರೆ ಮರ ಹತ್ತಿಪ್ಪತ್ತು ವರ್ಷಕ್ಕೆ ಕುಂಬಾಗುತ್ತೆ. ಮೇಲಿನ ಮಾಡು, ಹೊರಗಿನ ಹಲಗೆ ಹಾಳಾದರೆ ಬದಲಾಯಿಸಬಹುದು, ಭಾರ ಹೊರೋ ತೊಲೆ ಒಣಗಿದ್ದರೆ ಸಾಕು. ಇದನ್ನು ಹೇಳಿದ ಕೂಡಲೇ ಅಮ್ಮನಿಗೆ ನಮ್ಮ ತೋಟದ ಸಂಕ (ದಾಟೋಕೆ ಹಾಕಿದ ಸಣ್ಣ ಮರದ ಸೇತುವೆ) ನೆನಪಾಯಿತು. ಅಡಿಕೆ ಮರ ಸೀಳಿ ಹಾಕಿದ್ದು, ಎರಡು ಮಳೆಗಾಲ ಕಳೆದರೆ ಕಾಲಿಟ್ಟಲ್ಲೆಲ್ಲ ಮೆತ್ತಗೆ. ಅಜ್ಜ ಮಳೆ ಹಿಡಿಯೋ ಮುಂಚೆ ಹೊಸದು ಹಾಕೋಕೆ ಎಷ್ಟು ಒದ್ದಾಡುತ್ತಿದ್ದ ಅಂತ ನದಿ ನೋಡುತ್ತಾ ತುಂಬಾ ಹೊತ್ತು ಹೇಳಿದಳು. ನನಗೆ ಇದೆಲ್ಲ ಗೊತ್ತೇ ಇರಲಿಲ್ಲ.

ಬಾಗಿಲ ಮೇಲೆ ಒಂದು ಹಳೇ ಬೋರ್ಡು: ಕುದುರೆಯನ್ನು ನಡೆಸಿಕೊಂಡು ಹೋಗಿ, ಇಲ್ಲಾಂದ್ರೆ ಎರಡು ಡಾಲರ್ ದಂಡ. ಕುದುರೆಗಳು ಓಡಿದರೆ ಸೇತುವೆ ಅದುರುತ್ತೆ, ಅದಕ್ಕೆ. ಓದಿ ಹೇಳಿದೆ. ವಾಪಸ್ ಬರುವಾಗ ಅಮ್ಮ ಕಿಟಕಿ ಇಳಿಸಿ, "ನೀನೂ ನಿಧಾನಕ್ಕೆ ಹೋಗೇ" ಅಂದಳು.