ಟೆಂಟ್ ಹಾಕುವ ಮೊದಲು ಹೊಸಬರ ಮಾತು

ಜನರನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ, ನದಿ ದಂಡೆಯಲ್ಲಿ ಎರಡು ರಾತ್ರಿ ಟೆಂಟ್‌ನಲ್ಲಿ ಉಳಿಸಿ, ಕ್ಷೇಮವಾಗಿ ವಾಪಸ್ ಕರೆತರುವುದು ನನ್ನ ಕೆಲಸ. ಎಷ್ಟೋ ವರ್ಷದಿಂದ ಇದನ್ನೇ ಮಾಡ್ತಿದ್ದೇನೆ. ಆದರೂ ಒಂದು ರಾತ್ರಿ ಹನ್ನೊಂದು ಜನರನ್ನು ಮಲಗಿಸಬಾರದ ಜಾಗದಲ್ಲಿ ಮಲಗಿಸಿಬಿಟ್ಟೆ. ಯಾರಿಗೂ ಏನೂ ಆಗಲಿಲ್ಲ. ಆದರೂ ಬರೆಯಲೇಬೇಕು ಅನಿಸಿದೆ.

ಆ ನದಿಗೆ ಒಂದು ಡ್ಯಾಂ ಇದೆ, ಪಕ್ಕದಲ್ಲೇ ಲಾಕ್. ಲಾಕ್ ಅಂದರೆ ಎರಡೂ ತುದಿಗೆ ಬಾಗಿಲಿರುವ ಉದ್ದನೆಯ ನೀರಿನ ತೊಟ್ಟಿ. ಡ್ಯಾಂ ಮೇಲಿನ ನೀರು ಎತ್ತರದಲ್ಲಿರುತ್ತೆ, ಕೆಳಗಿನದು ತಗ್ಗಿನಲ್ಲಿ. ದೋಣಿ ತೊಟ್ಟಿಯೊಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ನೀರನ್ನು ಕೆಳಗೆ ಬಿಡುತ್ತಾರೆ. ನೀರಿನ ಜೊತೆ ದೋಣಿಯೂ ಇಳಿಯುತ್ತೆ. ಪಂಪ್ ಬೇಕಿಲ್ಲ, ನೀರು ತನ್ನ ಭಾರಕ್ಕೇ ಹರಿಯುತ್ತೆ.

ನನಗೆ ಲಾಕ್ ಅಂದರೆ ಬಲು ಇಷ್ಟ. ಒಳಗೆ ಹೋದ ಕೂಡಲೇ ಗುಂಪಿಗೆ ಕಥೆ ಹೇಳೋಕೆ ಶುರು ಮಾಡ್ತೇನೆ. ಇಂಥ ತೊಟ್ಟಿಯನ್ನು ಚೀನಾದಲ್ಲಿ 984ರಷ್ಟು ಹಿಂದೆಯೇ ಕಟ್ಟಿದ್ದರು. 1914ರಲ್ಲಿ ತೆರೆದ ಪನಾಮಾ ಕಾಲುವೆಯಲ್ಲಿ ಹಡಗುಗಳು ಲಾಕ್ ಹತ್ತಿ ಹತ್ತಿ ಸುಮಾರು 26 ಮೀಟರ್ ಮೇಲೇರುತ್ತವೆ. ಬಾಗಿಲಿನ ಎರಡು ರೆಕ್ಕೆಗಳು ನೇರ ಗೆರೆಯಲ್ಲಿ ಮುಚ್ಚಿಕೊಳ್ಳುವುದಿಲ್ಲ; ನೀರು ಬರುವ ಕಡೆಗೆ ಮೂತಿ ಚಾಚಿದ ಹಾಗೆ ಕೂಡಿಕೊಳ್ಳುತ್ತವೆ. ನೀರು ಒತ್ತಿದಷ್ಟೂ ಬಾಗಿಲು ಬಿಗಿ. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ಬರುವ ತನಕ ಅದನ್ನು ತೆರೆಯೋಕೆ ಆಗುವುದಿಲ್ಲ. ಇದನ್ನು ಹೇಳುವಾಗ ಎಲ್ಲರೂ ಬಾಗಿಲನ್ನೇ ನೋಡ್ತಾರೆ. ನನಗೂ ಪ್ರತಿ ಸಲ ಅಷ್ಟೇ ಖುಷಿ.

ಅವತ್ತೂ ಹಾಗೇ ಆಯಿತು. ನೀರು ಇಳಿಯುತ್ತಾ ಇತ್ತು. ಎರಡೂ ಕಡೆ ಪಾಚಿ ಕಟ್ಟಿದ ಒದ್ದೆ ಗೋಡೆ ಮೇಲೇಳುತ್ತಾ ಹೋಯಿತು. ನಮ್ಮ ಹಿಂದೆ, ಮೇಲಿನ ಬಾಗಿಲಿನ ಕೆಳಗಿಂದ, ಕಲ್ಲಿನ ಹೊಸ್ತಿಲು ನಿಧಾನವಾಗಿ ಹೊರಗೆ ಕಂಡಿತು. ದೋಣಿಯ ಹಿಂಭಾಗ ಆ ಹೊಸ್ತಿಲ ಮೇಲೆ ಕೂತುಬಿಟ್ಟರೆ ಮುಂಭಾಗ ಮಾತ್ರ ಇಳಿದು ದೋಣಿ ಮಗುಚುತ್ತೆ. ಅದಕ್ಕೇ ಗೋಡೆ ಮೇಲೆ ಗೆರೆ ಎಳೆದು ಗುರುತು ಹಾಕಿರುತ್ತಾರೆ, ಅದರ ಮುಂದೆ ಇರಬೇಕು. ಹಗ್ಗವನ್ನು ಕಂಬಕ್ಕೆ ಸುತ್ತಿ ಕೈಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಬಿಡಬೇಕು. ಗಂಟು ಹಾಕಿದರೆ ನೀರು ಇಳಿಯುತ್ತೆ, ದೋಣಿ ಗೋಡೆಗೆ ನೇತಾಡುತ್ತೆ.

ಮೇಲೆ ಲಾಕ್ ನೋಡಿಕೊಳ್ಳುವವರು ನಡೆದಾಡುತ್ತಿದ್ದರು. ವಯಸ್ಸಾದವರು. ಕಣ್ಣು ನಮ್ಮ ಹಗ್ಗಗಳ ಮೇಲೇ. "ರಾತ್ರಿ ಎಲ್ಲಿ ಉಳಿಯುತ್ತೀರಿ?" ಅಂತ ಕೂಗಿದರು. "ಇಲ್ಲೇ ಕೆಳಗೆ, ದಂಡೆಯಲ್ಲಿ" ಅಂದೆ. ಅವರು ಇನ್ನೇನೋ ಹೇಳಿದರು. ನೀರಿನ ಸದ್ದಿಗೆ ಕೇಳಲಿಲ್ಲ. ಅಂಗೈಯನ್ನು ಸೊಂಟದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ತೋರಿಸಿದ್ದು ಮಾತ್ರ ಕಂಡಿತು. ನಾನು ನಕ್ಕು ಕೈ ಬೀಸಿದೆ. ನನ್ನ ಕಥೆ ಇನ್ನೂ ಅರ್ಧ ಬಾಕಿ ಇತ್ತು.

ಡ್ಯಾಂನಿಂದ ಒಂದಿಷ್ಟು ದೂರ ಕೆಳಗೆ, ನೀರಿನ ಪಕ್ಕದಲ್ಲೇ, ಸಮತಟ್ಟಾದ ಸಣ್ಣ ಕಲ್ಲುಗಳ ಜಾಗ ಸಿಕ್ಕಿತು. ಮೂರು ದಿನದಿಂದ ಮಳೆ ಇಲ್ಲ. ಮೋಡ ಇಲ್ಲ. ಫೋನಿನಲ್ಲೂ ಬಿಸಿಲು ಅಂತಲೇ ಇತ್ತು. "ಇಲ್ಲೇ ಟೆಂಟ್ ಹಾಕಿ" ಅಂದೆ. ಹತ್ತು ನಿಮಿಷದಲ್ಲಿ ಟೆಂಟ್‌ಗಳು ಎದ್ದವು.

ರಾತ್ರಿ ನನಗೆ ಎಚ್ಚರವಾಗಿದ್ದು ಸದ್ದಿನಿಂದ ಅಲ್ಲ, ಸದ್ದು ನಿಂತಿದ್ದರಿಂದ. ಮಲಗುವಾಗ ನೀರು ಕಲ್ಲುಗಳ ಮೇಲೆ ಜುಳುಜುಳು ಅಂತಿತ್ತು. ಈಗ ಏನೂ ಇಲ್ಲ. ಕಲ್ಲುಗಳು ಮುಳುಗಿದ ಮೇಲೆ ಸದ್ದು ಎಲ್ಲಿಂದ ಬರಬೇಕು? ಟಾರ್ಚ್ ಹಾಕಿದೆ. ಕೊನೆಯ ಟೆಂಟ್‌ನ ಗೂಟ ಆಗಲೇ ನೀರಿನಲ್ಲಿತ್ತು. ತಲೆ ಮೇಲೆ ಆಕಾಶದ ತುಂಬ ನಕ್ಷತ್ರ.

ಎಲ್ಲರನ್ನೂ ಎಬ್ಬಿಸಿ ಮೇಲಿನ ಹುಲ್ಲಿಗೆ ಹತ್ತಿಸಿದೆವು. ತಲೆ ಎಣಿಸಿದೆ, ಮತ್ತೆ ಎಣಿಸಿದೆ. ಎರಡು ಹುಟ್ಟು, ಒಂದು ಚೀಲ ಹೋದವು. ಜೋರಾಗಿ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಬೀಳಿಸುತ್ತೆ. ಗುಂಪಿನಲ್ಲಿ ಇಬ್ಬರು ಮಕ್ಕಳಿದ್ದರು. ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತೆ.

ಬೆಳಿಗ್ಗೆ ಲಾಕ್‌ಗೆ ವಾಪಸ್ ಹೋಗಿ ಕೇಳಿದೆ. ಮೇಲೆ ಎಲ್ಲೋ ದೂರದಲ್ಲಿ ಎರಡು ದಿನದ ಹಿಂದೆ ಮಳೆಯಾಗಿತ್ತು. ಹಡಗು, ದೋಣಿ ಓಡಾಡಲಿ ಅಂತ ಕಟ್ಟಿದ ಇಂಥ ಡ್ಯಾಂಗಳ ಕೆಲಸ ಮೇಲಿನ ನೀರಿನ ಮಟ್ಟವನ್ನು ಒಂದೇ ಸಮ ಇಡುವುದು. ಪ್ರವಾಹ ಹಿಡಿದಿಡೋಕೆ ಅವುಗಳಲ್ಲಿ ಜಾಗ ಇರುವುದಿಲ್ಲ. ಮೇಲಿಂದ ಜಾಸ್ತಿ ಬಂದರೆ ಗೇಟ್ ಎತ್ತಿ ಕೆಳಗೆ ಬಿಡಲೇಬೇಕು. ಆ ಹಿರಿಯರು ಅಂಗೈ ಎತ್ತಿ ತೋರಿಸಿದ್ದು ಇದನ್ನೇ. ನಾನು ಆಕಾಶ ನೋಡಿದ್ದೆ, ನದಿ ಗೇಟಿನ ಮಾತು ಕೇಳುತ್ತಿತ್ತು.

ಆದರೆ ನನಗೆ ಜಾಸ್ತಿ ನೋವಾಗಿದ್ದು ಬೇರೆ ಮಾತಿಗೆ. ಜೊತೆಗೆ ಒಬ್ಬ ಹುಡುಗ ಇದ್ದ, ಕೆಲಸಕ್ಕೆ ಸೇರಿ ಎರಡೇ ವಾರ. ಒದ್ದೆ ಟೆಂಟ್ ಹಿಂಡುತ್ತಾ ಮೆಲ್ಲಗೆ ಹೇಳಿದ: "ಸರ್, ನಾನು ಸಂಜೇನೇ ನೋಡಿದ್ದೆ. ಆ ಪೊದೆಗಳಲ್ಲಿ ಸೊಂಟದ ಎತ್ತರಕ್ಕೆ ಒಣಹುಲ್ಲು, ಕಡ್ಡಿ ಎಲ್ಲಾ ಸಿಕ್ಕಿಕೊಂಡಿತ್ತು."

ನೀರು ಅಷ್ಟು ಎತ್ತರಕ್ಕೆ ಬಂದು ಹೋಗಿದೆ ಅನ್ನುವುದಕ್ಕೆ ಅದಕ್ಕಿಂತ ಗುರುತು ಬೇಕಾ?

"ಯಾಕಪ್ಪಾ ಹೇಳಲಿಲ್ಲ?" ಅಂದೆ.

"ಅಷ್ಟೊತ್ತಿಗೆ ನೀವು ಟೆಂಟ್ ಹಾಕಿ ಅಂದುಬಿಟ್ಟಿದ್ರಿ, ಸರ್."

ನಾನೇನೂ ಬೈಯುವವನಲ್ಲ. ಯಾರು ಏನು ಕೇಳಿದರೂ ಉತ್ತರ ಕೊಡುತ್ತೇನೆ. ಆದರೆ ಹಳಬ ಮೊದಲು ಬಾಯಿ ಬಿಟ್ಟರೆ ಹೊಸಬನ ಬಾಯಿ ಮುಚ್ಚಿಹೋಗುತ್ತೆ, ಅದಕ್ಕೆ ಬೈಗುಳವೇ ಬೇಕಿಲ್ಲ. "ಏನಾದ್ರೂ ಇದ್ರೆ ಹೇಳಿ" ಅಂತ ಸುಮ್ನೆ ಅಂದರೆ ಸಾಲುವುದಿಲ್ಲ ಅಲ್ವಾ? ಮಾತಾಡುವ ಸರದಿಯನ್ನೇ ಬದಲಾಯಿಸಬೇಕಿತ್ತು.

ಈಗ ದಂಡೆಗೆ ಬಂದ ಮೇಲೆ ಚೀಲಗಳು ದೋಣಿಯಲ್ಲೇ ಇರುತ್ತವೆ. ತಂಡದಲ್ಲಿ ಎಲ್ಲರಿಗಿಂತ ಹೊಸಬರು ಮೊದಲು ಜಾಗ ಸುತ್ತಿ ಬರುತ್ತಾರೆ, ಅವರೇ ಮೊದಲು ಹೇಳುತ್ತಾರೆ. ನನ್ನ ಮಾತು ಕೊನೆಗೆ. ಲಾಕ್‌ನಲ್ಲಿ ಈಗ ಕಥೆಗಿಂತ ಮುಂಚೆ ಪ್ರಶ್ನೆ: ಮೇಲೆ ಮಳೆ ಇದೆಯಾ, ಇವತ್ತು ಗೇಟ್ ಎತ್ತುತ್ತೀರಾ, ನೀರು ಎಲ್ಲಿ ತನಕ ಬರುತ್ತೆ? ಉತ್ತರ ಕೇಳಿಸದಿದ್ದರೆ ಮೆಟ್ಟಿಲು ಹತ್ತಿ ಹೋಗಿ ಕೇಳುತ್ತೇನೆ. ಮಲಗುವ ಮುಂಚೆ ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು, ಸರದಿಯಲ್ಲಿ ಎದ್ದು ನೋಡುತ್ತೇವೆ.

ಹೋದ ಸಲದ ಟ್ರಿಪ್‌ನಲ್ಲಿ ಜಾಗ ನೋಡೋಕೆ ಹೋಗಿದ್ದು ಹೊಸದಾಗಿ ಸೇರಿದ ಹುಡುಗಿ. ಬಂದವಳೇ "ಇಲ್ಲಿ ಬೇಡ ಸರ್, ಮೇಲೆ ಹೋಗೋಣ" ಅಂದಳು. ನನ್ನ ಕಣ್ಣಿಗೆ ಜಾಗ ಚೆನ್ನಾಗೇ ಇತ್ತು. ಕತ್ತಲಾಗುತ್ತಿತ್ತು, ಎಲ್ಲರಿಗೂ ಸುಸ್ತು. ಆದರೂ ಸಾಮಾನೆಲ್ಲ ಹೊತ್ತು ಏರಿ ಹತ್ತಿದೆವು. ಬೆಳಿಗ್ಗೆ ಇಳಿದು ಬಂದಾಗ ಕಡ್ಡಿ ನೆಟ್ಟಲ್ಲೇ ಇತ್ತು, ನೀರು ಒಂದು ಬೆರಳೂ ಏರಿರಲಿಲ್ಲ. ಅವಳು ನನ್ನ ಮುಖ ನೋಡಿದಳು. "ಸಂಜೆ ಮುಂದಿನ ಜಾಗ ಬರುತ್ತೆ, ಅದನ್ನೂ ನೀನೇ ನೋಡು" ಅಂದೆ.