ಹಾಡು ಯಾವಾಗ ಶುರುವಾಗುತ್ತೆ?

ಇಯರ್‌ಫೋನಿನ ಒಂದು ತುದಿ ನನ್ನ ಕಿವಿಯಲ್ಲಿ, ಇನ್ನೊಂದು ಪಕ್ಕದವರ ಕಿವಿಯಲ್ಲಿ. ಒಂದು ನಿಮಿಷ ತಲೆಯಾಡಿಸುತ್ತಾರೆ. ಆಮೇಲೆ ಆ ಪ್ರಶ್ನೆ ಬಂದೇ ಬರುತ್ತದೆ: "ಚೆನ್ನಾಗಿದೆ, ಆದ್ರೆ ಹಾಡು ಯಾವಾಗ ಶುರುವಾಗುತ್ತೆ?" ಗೆಳೆಯರು ಕೇಳಿದ್ದಾರೆ, ಆಫೀಸಿನವರು ಕೇಳಿದ್ದಾರೆ, ಊರಿಗೆ ಹೋಗುವ ಬಸ್ಸಿನಲ್ಲಿ ತಂಗಿಯೂ ಕೇಳಿದ್ದಾಳೆ.

ನಾನು ಹೆಚ್ಚಾಗಿ ಕೇಳಿಸುವುದು ರಾಟಟಾಟ್ ಅನ್ನೋ ತಂಡದ ಸಂಗೀತ. ನ್ಯೂಯಾರ್ಕಿನ ಬ್ರೂಕ್ಲಿನ್‌ನವರು. ಇರುವುದು ಇಬ್ಬರೇ. ಮೈಕ್ ಸ್ಟ್ರೌಡ್ ಗಿಟಾರ್ ನುಡಿಸುತ್ತಾರೆ. ಸಿಂಥಸೈಜರ್ (ವಿದ್ಯುತ್ತಿನಿಂದ ದನಿ ಹುಟ್ಟಿಸುವ ಕೀಬೋರ್ಡ್), ಬೀಟ್, ಬೇಸ್ ಹೆಚ್ಚಾಗಿ ಎವನ್ ಮಾಸ್ಟ್ ಪಾಲು. ಮೊದಲ ಆಲ್ಬಂ ದೊಡ್ಡ ಸ್ಟುಡಿಯೋದಲ್ಲಿ ಆಗಲಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಕೂತು, ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿದ್ದು. 2004ರಲ್ಲಿ ಎಕ್ಸ್‌ಎಲ್ ರೆಕಾರ್ಡಿಂಗ್ಸ್ ಅನ್ನೋ ಸ್ವತಂತ್ರ ಸಂಗೀತ ಕಂಪನಿಯಿಂದ ಹೊರಬಂತು. 2015ರ ಹೊತ್ತಿಗೆ ಐದು ಆಲ್ಬಂ ಆದವು. ಹಾಡುಗಾರರು ಬರಲೇ ಇಲ್ಲ.

ನನ್ನ ಉತ್ತರ ಇಷ್ಟೇ. ಹಾಡು ಆಗಲೇ ಶುರುವಾಗಿದೆ. ಹಾಡುತ್ತಿರುವುದು ಗಿಟಾರ್.

ಇದನ್ನು ನನಗೆ ಸರಿಯಾಗಿ ಕಾಣಿಸಿದ್ದು ನಮ್ಮ ದೊಡ್ಡಮ್ಮ. ಅವರು ವೀಣೆ ಕಲಿತವರು. ಒಂದು ಸಂಜೆ ಅವರ ಮನೆಯಲ್ಲಿ ಅವರೆಕಾಳು ಹಿಸುಕುತ್ತಾ ಕೂತಿದ್ದೆವು. ನಾನು 2006ರ 'ಕ್ಲಾಸಿಕ್ಸ್' ಆಲ್ಬಮ್ಮಿನ 'ವೈಲ್ಡ್‌ಕ್ಯಾಟ್' ಹಾಕಿದೆ. ಅದರಲ್ಲಿ ನಡುನಡುವೆ ಕಾಡುಬೆಕ್ಕು ಗುರ್ ಅನ್ನುತ್ತದೆ. "ಇದೇನೋ, ಬೆಕ್ಕಾ?" ಅಂತ ತಲೆ ಎತ್ತಿದರು. ಆಮೇಲೆ ಬೆಕ್ಕನ್ನು ಬಿಟ್ಟು ಗಿಟಾರಿನ ಹಿಂದೆ ಹೋದರು. ಸ್ವಲ್ಪ ಹೊತ್ತು ಬಿಟ್ಟು, "ಜೋಡಿ ವೀಣೆ ಇದ್ದ ಹಾಗಿದೆ ಕಣೋ, ಆದ್ರೆ ಇಬ್ಬರೂ ಒಂದೇ ಸ್ವರ ಹಿಡೀತಿಲ್ಲ" ಅಂದರು.

ಅದೇ ಇದರ ಗುಟ್ಟು. ನಮ್ಮ ಕಛೇರಿಯಲ್ಲಿ ಇಬ್ಬರು ಜೊತೆಗೆ ಕೃತಿ ನುಡಿಸಿದರೆ ಇಬ್ಬರದೂ ಒಂದೇ ಸ್ವರ. ಇಲ್ಲಿ ಸ್ಟ್ರೌಡ್ ಒಂದು ಸಾಲು ನುಡಿಸಿ ರೆಕಾರ್ಡ್ ಮಾಡಿದರೆ, ಅದರ ಮೇಲೆ ಮತ್ತೆ ನುಡಿಸುತ್ತಾರೆ, ಬೇರೆ ಸ್ವರದಲ್ಲಿ. ಒಂದು ಗಿಟಾರ್ 'ಸ' ಹಿಡಿದಾಗ ಇನ್ನೊಂದು 'ಗ' ಹಿಡಿಯುತ್ತದೆ ಅಂದುಕೊಳ್ಳಿ. ಎರಡೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ತಂತಿಯನ್ನು ಎಳೆದು ಸ್ವರ ಜಾರಿಸುವ ಕಡೆ ಎರಡೂ ಒಟ್ಟಿಗೆ ಜಾರುತ್ತವೆ. ಅಣ್ಣ ತಮ್ಮ ಕೂತು ಹಾಡಿದ ಹಾಗೆ. ಕೆಳಗೆ ಸಿಂಥಸೈಜರ್ ದಪ್ಪ ದನಿಯಲ್ಲಿ ನಿಂತಿರುತ್ತದೆ, ಜೊತೆಗೆ ಹಿಪ್‌ಹಾಪ್ ಬೀಟ್. ಈ ಗಿಟಾರಿಗೆ ಆ ನೆಲ ಬೇಕೇ ಬೇಕು. ಅದಿಲ್ಲದಿದ್ದರೆ ಬರೀ ಕೈಚಳಕ ಆಗಿಬಿಡುತ್ತಿತ್ತು ಅನ್ನಿಸುತ್ತದೆ ನನಗೆ.

ವೀಣೆಯಲ್ಲಿ ಮಾತಿಲ್ಲ, ಸರಿ. ಆದರೆ 'ವಾತಾಪಿ' ನುಡಿಸಿದರೆ ಗೊತ್ತಿದ್ದವರ ಮನಸ್ಸಿನಲ್ಲಿ ಸಾಹಿತ್ಯ ತಾನಾಗಿ ಓಡುತ್ತದೆ. ರಾಟಟಾಟ್‌ನಲ್ಲಿ ಹಿಂದೆ ಯಾವ ಸಾಹಿತ್ಯವೂ ಇಲ್ಲ. ಅದಕ್ಕೇ ಮೊದಲ ಸಲ ಕೇಳುವವರಿಗೆ ಏನೋ ಬಾಕಿ ಇದೆ ಅನ್ನಿಸುತ್ತದೆ. ಮಾತಿಗೆ ಕಾಯುವುದನ್ನು ಬಿಟ್ಟ ಮೇಲೆಯೇ ರಾಗ ಕಿವಿಗೆ ಬೀಳುವುದು.

"ಹಾಡೋರು ಸಿಗಲಿಲ್ವಾ?" ಅಂತಲೂ ಕೇಳುತ್ತಾರೆ. ಹಾಗಲ್ಲ. ರ‍್ಯಾಪ್ ಹಾಡುಗಾರರ ದನಿಗೆ ಹೊಸ ಸಂಗೀತ ಕೂಡಿಸಿ 2004ರಲ್ಲಿ, 2007ರಲ್ಲಿ ಎರಡು ರೀಮಿಕ್ಸ್ ಸಂಗ್ರಹ ಮಾಡಿದವರು ಇವರೇ. 2009ರಲ್ಲಿ ಅಮೆರಿಕದ ರ‍್ಯಾಪರ್ ಕಿಡ್ ಕಡಿ ಹಾಡಿದ 'ಪರ್ಸೂಟ್ ಆಫ್ ಹ್ಯಾಪಿನೆಸ್'ನಲ್ಲೂ ಇವರಿದ್ದಾರೆ. ಅಲ್ಲಿ ವಾದ್ಯ ಹಿಂದೆ ಸರಿದು ದನಿಗೆ ಜಾಗ ಬಿಡುತ್ತದೆ, ಬಿಡಲೇಬೇಕು ಅಲ್ವಾ? ತಮ್ಮ ಆಲ್ಬಮ್ಮಿನಲ್ಲಿ ಆ ಜಾಗ ಗಿಟಾರಿಗೆ ಮೀಸಲು. ಅದು ಬೇಕೆಂದೇ ಮಾಡಿದ್ದು, ನನಗೆ ಅದು ತುಂಬಾ ಹಿಡಿಸಿದೆ.

ಮೊದಲ ಆಲ್ಬಮ್ಮಿನ ಮೊದಲ ತುಣುಕು 'ಸೆವೆಂಟೀನ್ ಇಯರ್ಸ್'ನಿಂದ ಶುರು ಮಾಡಿ. ಆರಂಭದಲ್ಲಿ ಒಬ್ಬಾತ ಒಂದೆರಡು ಮಾತಾಡುತ್ತಾನೆ, ಅಷ್ಟೇ. ಆಮೇಲೆ ಗಿಟಾರ್ ಬರುತ್ತದೆ. ಮೊದಲ ಸಲ ಮೇಲಿನ ಗಿಟಾರ್ ಒಂದನ್ನೇ ಹಿಡಿದು ಹೋಗಿ. ಎರಡನೇ ಸಲ ಅದರ ಜೊತೆಯವನನ್ನು ಹುಡುಕಿ. ದೊಡ್ಡಮ್ಮ 'ವೈಲ್ಡ್‌ಕ್ಯಾಟ್' ಮೂರು ಸಲ ಹಾಕಿಸಿದ್ದರು, ಮೂರನೇ ಸಲಕ್ಕೆ ಕೆಳಗಿನ ಸಾಲನ್ನು ತಾವೇ ಗುನುಗುತ್ತಿದ್ದರು.