ಚಿಕ್ಕಮ್ಮ ಕೊಟ್ಟ ಅಂಕಗಳು
ಡಾಕ್ಟರ್ "ಹೇಗಿದ್ದೀರಿ?" ಅಂತ ಕೇಳಿದರೆ ಚಿಕ್ಕಮ್ಮನದ್ದು ಯಾವಾಗಲೂ ಒಂದೇ ಉತ್ತರ: "ಆರಾಮ ಇದ್ದೇನೆ." ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಗಿ, ಈಗ ಮೂರು ವಾರಕ್ಕೊಮ್ಮೆ ಕೀಮೋ. ಮಲ್ಪೆಯಿಂದ ಮಣಿಪಾಲಕ್ಕೆ ಕರೆದುಕೊಂಡು ಹೋಗುವುದು ನಾನು.

ಆರಾಮ ಎಷ್ಟು ಅಂತ ಮನೆಯವರಿಗೆ ಗೊತ್ತು. ಆಕ್ಸಾಲಿಪ್ಲಾಟಿನ್ ಅನ್ನುವ ಕೀಮೋ ಔಷಧಿ ಮೈಗೆ ಹೋದ ಮೇಲೆ ಕೆಲವು ದಿನ ತಣ್ಣಗಿನದ್ದೇನು ಮುಟ್ಟಿದರೂ ಬೆರಳಿಗೆ ಸೂಜಿ ಚುಚ್ಚಿದ ಹಾಗಾಗುತ್ತದೆ. ತಣ್ಣೀರು ಕುಡಿದರೆ ಗಂಟಲು ಹಿಡಿದುಕೊಳ್ಳುತ್ತದೆ. ಒಮ್ಮೆ ಐಸಿನಲ್ಲಿಟ್ಟ ಬಂಗುಡೆ ಎತ್ತಲು ಹೋಗಿ, ಕೈ ಕೊಡವಿ ಸಿಂಕಿಗೇ ಬಿಟ್ಟಿದ್ದಳು. ಮಲ್ಪೆಯವಳಿಗೆ ಮೀನು ಮುಟ್ಟಲಿಕ್ಕಾಗುವುದಿಲ್ಲ ಅಂದರೆ ಸಣ್ಣ ಸಂಗತಿಯಾ?

ಅವತ್ತು ಬ್ಲಡ್ ರಿಪೋರ್ಟಿಗೆ ಕಾಯುತ್ತಿದ್ದೆವು. ಓದುವ ಹುಡುಗಿಯೊಬ್ಬಳು ಫಾರ್ಮ್ ಹಿಡಿದು ಬಂದಳು. ಇಒಆರ್‌ಟಿಸಿ ಅನ್ನುವ ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯದ್ದು, ರೋಗಿಯ ಬದುಕು ಹೇಗೆ ನಡೆಯುತ್ತಿದೆ ಅಂತ ಕೇಳುವ ಪ್ರಶ್ನಾವಳಿ. ಹೆಸರು ಕ್ಯೂಎಲ್‌ಕ್ಯೂ-ಸಿ30. ಒಟ್ಟು 30 ಪ್ರಶ್ನೆ. ಕಳೆದ ವಾರ ನಿದ್ದೆ ಬಂತಾ, ಊಟ ಸೇರಿತಾ, ಬೇಸರ ಆಯ್ತಾ ಅಂತೆಲ್ಲ. ಹೆಚ್ಚಿನದಕ್ಕೆ 1ರಿಂದ 4ರೊಳಗೆ ಉತ್ತರ. 1 ಅಂದರೆ ಏನೂ ಇಲ್ಲ, 4 ಅಂದರೆ ತುಂಬಾ.

"ದೂರ ನಡೆಯಲಿಕ್ಕೆ ಕಷ್ಟ ಆಗ್ತದಾ?"

"ನಡೆಯಬಹುದು ಮಗಾ. ಚಪ್ಪಲಿ ಕಾಲಿಂದ ಬಿದ್ದದ್ದೇ ಗೊತ್ತಾಗುವುದಿಲ್ಲ."

ನನಗೆ ಇದು ಹೊಸ ಸುದ್ದಿ. ಹುಡುಗಿ ಹೋಗಿ ಡಾಕ್ಟರಿಗೆ ಹೇಳಿದಳು. ಅವರು ಚಿಕ್ಕಮ್ಮನ ಕಣ್ಣು ಮುಚ್ಚಿಸಿ ಬೆರಳು ಮುಟ್ಟಿ ನೋಡಿದರು, ರವಿಕೆಯ ಗುಂಡಿ ಹಾಕಲಿಕ್ಕಾಗುತ್ತದಾ ಅಂತ ಕೇಳಿದರು. ನರಕ್ಕೆ ಪೆಟ್ಟು ಬಿದ್ದಿದೆ, ಹೀಗೇ ಮುಂದುವರಿಸಿದರೆ ಜೋಮು ಕಾಯಂ ಉಳಿಯಬಹುದು ಅಂತ ಅವತ್ತೇ ಡೋಸ್ ಇಳಿಸಿದರು. "ಹೇಗಿದ್ದೀರಿ" ಅಂತ ಕೇಳಿದರೆ "ಆರಾಮ" ಬಿಟ್ಟು ಬೇರೇನು ಹೇಳ್ತಾರೆ? ನಡಿಗೆ, ನಿದ್ದೆ, ಊಟ ಅಂತ ಬಿಡಿಸಿ ಕೇಳಬೇಕು.

ಚಿಕಿತ್ಸೆಯಿಂದ ದುಡ್ಡಿನ ತೊಂದರೆ ಆಗಿದೆಯಾ ಅನ್ನುವ ಪ್ರಶ್ನೆಯೂ ಇತ್ತು. ಚಿಕ್ಕಮ್ಮ ನನ್ನ ಮುಖ ನೋಡಿ "ಇಲ್ಲ" ಅಂದಳು. 1. ಬಳೆ ಅಡವಿಟ್ಟದ್ದು ನಮ್ಮಿಬ್ಬರಿಗೂ ಗೊತ್ತು. ಇಂಥದ್ದು ಕೇಳುವಾಗ ಜೊತೆಗೆ ಬಂದವರನ್ನು ಸುಮ್ನೆ ಹೊರಗೆ ಕಳಿಸಬೇಕಪ್ಪ.

ಕೊನೆಯ ಎರಡಕ್ಕೆ 1ರಿಂದ 7. ಒಟ್ಟಾರೆ ಆರೋಗ್ಯ ಹೇಗಿದೆ, ಒಟ್ಟಾರೆ ಬದುಕು ಹೇಗಿದೆ ಅಂತ. "ಮೀನು ರುಚಿಸಿದ ದಿನ ಆರು, ಬಾಯಿ ಕಬ್ಬಿಣದ ಹಾಗಿರುವ ದಿನ ಎರಡು. ಯಾವುದು ಬರೀತಿ?" ಹುಡುಗಿ ನಕ್ಕು, ನೀವೇ ಒಂದು ಹೇಳಿ ಅಂದಳು. "ನಾಲ್ಕು ಹಾಕು."

ಬರುವಾಗ ಉಡುಪಿಯಲ್ಲಿ ಇಳಿದು, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ನೋಡಿದೆವು. ದುಡ್ಡಿನ ಪ್ರಶ್ನೆಗೆ 1 ಕೊಟ್ಟವಳು ಐವತ್ತು ರೂಪಾಯಿ ಇಳಿಸದೆ ಅಂಗಡಿಯವನನ್ನು ಬಿಡಲಿಲ್ಲ.